ಗಡಿಯಾರ ಬಿಚ್ಚಿಡದ ಇಲಿ

ಇಲಿಗಳ ಮೈಮೇಲಿನ ಗಾಯ ನೋಡಿ ಆ ಪಂಜರದಲ್ಲಿ ಯಾರು ಯಜಮಾನ ಎಂದು ಇಲಿಯಮ್ಮ ಹೇಳಬಲ್ಲಳು. ಹೊಡೆತ ತಿನ್ನುವ ಇಲಿ ಓಡುತ್ತಲೇ ಇರುತ್ತದೆ, ಹಾಗಾಗಿ ಗಾಯ ಸೊಂಟದ ಮೇಲೆ, ಬಾಲದ ಬುಡದಲ್ಲಿ. ತಿರುಗಿ ನಿಂತು ಕಾದಾಡಿದ್ದಕ್ಕೆ ಮೂಗು, ಕಿವಿ ಹರಿದಿರುತ್ತದೆ. ಯಜಮಾನನ ಮೈ ಮಾತ್ರ ಎಣ್ಣೆ ಸವರಿದ ಹಾಗೆ ನುಣ್ಣಗೆ. ಐದರಲ್ಲಿ ನಾಲ್ಕರ ಬೆನ್ನು ಹರಿದು ಒಂದು ನುಣ್ಣಗಿದ್ದರೆ ಆ ಒಂದನ್ನು ಎತ್ತಿ ಬೇರೆ ಇಡಬೇಕು. ಹದಿಮೂರು ವರ್ಷದಿಂದ ಆಕೆ ಮಾಡುತ್ತಿರುವ ಕೆಲಸ ಇದು; ಎಲ್ಲರೂ ಆಕೆಯನ್ನು ಇಲಿಯಮ್ಮ ಎನ್ನುವುದೂ ಅದಕ್ಕೇ. ತನ್ನ ಮೈಮೇಲಿನ ಗಾಯಗಳನ್ನೂ ಯಾರಾದರೂ ಹೀಗೆ ಓದಬಹುದು ಎಂದು ಮಾತ್ರ ಆಕೆಗೆ ಬಹಳ ಕಾಲ ಹೊಳೆದಿರಲಿಲ್ಲ. ಅವು ಬಟ್ಟೆ ಮುಚ್ಚುವ ಕಡೆಯೇ ಇರುತ್ತಿದ್ದವು.

ಮೆದುಳಿನ ಬಗ್ಗೆ ಸಂಶೋಧನೆ ಮಾಡುವ ಸಂಸ್ಥೆಯೊಂದರ ನೆಲಮಾಳಿಗೆಯಲ್ಲಿ ಆಕೆಗೆ ಕೆಲಸ. ನಾಲ್ಕು ಕೋಣೆ, ಕಬ್ಬಿಣದ ಕಪಾಟುಗಳು, ಚಪ್ಪಲಿ ಡಬ್ಬಿಯಷ್ಟು ದೊಡ್ಡ ಆರುನೂರು ಪ್ಲಾಸ್ಟಿಕ್ ಪಂಜರಗಳು. ಮರದ ಹೊಟ್ಟು ಬದಲಿಸುವುದು, ನೀರಿನ ಬಾಟಲಿ ತುಂಬಿಸುವುದು, ಸತ್ತದ್ದನ್ನು ಎತ್ತುವುದು, ಬದುಕಲಾರದ್ದನ್ನು ಸಾಯಿಸುವುದು. ಕೊನೆಯದಕ್ಕೂ ತರಬೇತಿ ಉಂಟು: ಕತ್ತಿನ ಮೇಲೆ ಸರಳು ಒತ್ತಿ ಹಿಡಿದು ಬಾಲದ ಬುಡವನ್ನು ಒಮ್ಮೆ ಹಿಂದಕ್ಕೆ ಎಳೆಯಬೇಕು. ಟಕ್ ಎನ್ನುತ್ತದೆ, ಅಷ್ಟೆ. ಆಕೆಯ ಕೈಯಲ್ಲಿ ಅದು ಎಂದೂ ಎರಡು ಸಲ ಆದದ್ದಿಲ್ಲ.

ಕೆಲಸಕ್ಕೆ ಸೇರಿದ ಮೊದಲ ತಿಂಗಳು ಒಂದು ತಪ್ಪು ಮಾಡಿದ್ದಳು. ಹಳೆಯ ವಾಸನೆ ಇದ್ದರೆ ಇಲಿಗಳಿಗೆ ಸಮಾಧಾನ ಎಂದುಕೊಂಡು, ಹೊಸ ಪಂಜರಕ್ಕೆ ಹಳೆಯದರಿಂದ ಒಂದು ಹಿಡಿ ಒದ್ದೆ ಹೊಟ್ಟನ್ನು ಹಾಕಿಬಿಟ್ಟಳು. ಬೆಳಿಗ್ಗೆ ನೋಡಿದರೆ ಒಂದೇ ತಾಯಿಯ ಐದು ಗಂಡುಗಳಲ್ಲಿ ಎರಡು ಸತ್ತಿದ್ದವು, ಮೂರನೆಯದರ ಹಿಂಭಾಗ ಬಿಚ್ಚಿಕೊಂಡಿತ್ತು. ಬಾಟಲಿ ತೊಳೆಯುವ ಹಿರಿಯ ಹೆಂಗಸು, ಎಲ್ಲರೂ ಬಾಟ್ಲಿ ಅಕ್ಕ ಎನ್ನುವಾಕೆ, ಪಕ್ಕಕ್ಕೆ ಕರೆದು ಹೇಳಿಕೊಟ್ಟಿದ್ದಳು.

"ಒದ್ದೆದು ತರಬಾರ್ದು ಕಣೇ. ಅದು ಉಚ್ಚೆ, ಜಗಳದ್ದು. ಅವು ಮಲಗೋ ಗೂಡಿನ ಕಾಗದ ಇರುತ್ತಲ್ಲ, ಒಣಗಿದ್ದು, ಅದನ್ನ ಒಂದು ಹಿಡಿ ತಗೊಂಡ್ ಬಾ. ಆಗ ಸುಮ್ನಿರ್ತವೆ."

ಅಂದಿನಿಂದ ಆಕೆಯ ಕೈ ಆ ಕೆಲಸವನ್ನು ಆಕೆಯನ್ನು ಕೇಳದೆಯೇ ಮಾಡುತ್ತಿತ್ತು.

ಇಲ್ಲಿ ಗುಡಿಸಿದರೆ ಸಂಬಳ. ಮನೆಯಲ್ಲಿ ಗುಡಿಸಿದರೆ "ಇಷ್ಟು ಹೊತ್ತು ಏನು ಕಡಿದು ಗುಡ್ಡೆ ಹಾಕ್ತಿದ್ದೆ" ಎಂಬ ಪ್ರಶ್ನೆ. ಮೂರನೆಯ ಮಹಡಿಯ ಎರಡು ಕೋಣೆಯ ಮನೆ; ಆಕೆ, ಗಂಡ, ಹದಿನಾರರ ಮಗಳು, ಅತ್ತೆ. ಬೆಳಿಗ್ಗೆ ಐದಕ್ಕೆ ಎದ್ದು ನೀರು ಹಿಡಿದು, ನಾಲ್ಕು ಡಬ್ಬಿ ತುಂಬಿಸಿ, ಅತ್ತೆಯ ಮಾತ್ರೆ ಎತ್ತಿಟ್ಟು, ಗಂಡನ ಯೂನಿಫಾರಂಗೆ ಇಸ್ತ್ರಿ ಹಾಕಿ, ಏಳಕ್ಕೆ ಮನೆ ಬಿಡುತ್ತಿದ್ದಳು. ಸಂಜೆ ಬಂದ ಮೇಲೆ ಅದೇ ಸರ ಮತ್ತೆ ಹಿಂದಿನಿಂದ ಮುಂದಕ್ಕೆ.

ಗಂಡ ಬಸ್ಸಿನ ಡ್ರೈವರ್. ಒಳ್ಳೆಯ ಡ್ರೈವರ್ ಎಂದು ಊರೇ ಹೇಳುತ್ತಿತ್ತು. ಒಮ್ಮೆ ಆಕೆ ಅದೇ ಬಸ್ಸಿನ ಮೂರನೆಯ ಸೀಟಿನಲ್ಲಿದ್ದಾಗ ಕುಡುಕನೊಬ್ಬ ಸ್ಟಾಪಿನಲ್ಲಿ ನಿಲ್ಲಿಸಲಿಲ್ಲ ಎಂದು ಅವನ ಮುಖಕ್ಕೆ ಉಗಿದಿದ್ದ. ಇನ್ನೇನು ಕೊಲೆಯೇ ಆಗುತ್ತದೆ ಎಂದುಕೊಂಡಳು. ಅವನು ಕರವಸ್ತ್ರ ತೆಗೆದು ಕೆನ್ನೆ ಒರೆಸಿಕೊಂಡು, ಹಸಿರು ದೀಪ ಬರುವವರೆಗೆ ಕಾದು, ಗೇರು ಹಾಕಿದ. ಪಕ್ಕದ ಸೀಟಿನ ಮುದುಕಿ "ಎಂಥಾ ತಾಳ್ಮೆ ನೋಡಮ್ಮ, ಇವನ ಹೆಂಡ್ತಿ ಪುಣ್ಯ ಮಾಡಿದ್ಲು" ಎಂದಳು. ಇವಳು ಕಿಟಕಿಯ ಕಡೆ ತಿರುಗಿದಳು.

ಹದಿನೈದು ವರ್ಷ ಅಪಘಾತವಿಲ್ಲದೆ ಓಡಿಸಿದ್ದಕ್ಕೆ ಅವನಿಗೆ ಒಂದು ಸ್ಟೀಲಿನ ಗಡಿಯಾರ ಕೊಟ್ಟಿದ್ದರು. ಮನೆಯಲ್ಲಿ ಅವನು ಹೊಡೆಯುವ ಮೊದಲು ಆ ಗಡಿಯಾರ ಬಿಚ್ಚುತ್ತಿದ್ದ. ಕೊಂಡಿ ಟಿಕ್ಕೆನ್ನುತ್ತಿತ್ತು. ಅದನ್ನು ಫ್ರಿಜ್ಜಿನ ಮೇಲೆ, ಗಾಜು ಮೇಲೆ ಬರುವಂತೆ, ಮೆತ್ತಗೆ ಇಡುತ್ತಿದ್ದ. ಅಷ್ಟರಲ್ಲಿ ಅತ್ತೆ ಎದ್ದು ಬೀದಿ ಕಡೆಯ ಕಿಟಕಿ ಮುಚ್ಚುತ್ತಿದ್ದಳು. ಮಗಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುತ್ತಿದ್ದಳು. ಪ್ರತಿಯೊಬ್ಬರಿಗೂ ತಮ್ಮ ತಮ್ಮ ಕೆಲಸ ಗೊತ್ತಿತ್ತು. ಅವನ ಮುಷ್ಟಿ ಆಕೆಯ ಪಕ್ಕೆಗೆ, ತೋಳಿನ ಮೇಲ್ಭಾಗಕ್ಕೆ, ಬೆನ್ನಿಗೆ ಬೀಳುತ್ತಿತ್ತು. ಕೆಳಗೆ ಬಿದ್ದರೆ ತೊಡೆಗೆ ಕಾಲು. ಮುಖಕ್ಕೆ ಎಂದೂ ಇಲ್ಲ. ನಲ್ಲಿಯ ಕೆಳಗಿನ ಬಕೆಟ್ಟು ತುಂಬಿ ಹೊರಗೆ ಹರಿಯುವ ಹೊತ್ತಿಗೆ ಮುಗಿದಿರುತ್ತಿತ್ತು. ಆಮೇಲೆ ಆ ನೀರನ್ನು ಒರೆಸುವವಳೂ ಆಕೆಯೇ.

"ಅವನ ರಕ್ತ ಬಿಸಿ, ಅವರಪ್ಪನ ಥರ. ನಾವೇ ಸ್ವಲ್ಪ ಹೊಟ್ಟೆಗೆ ಹಾಕ್ಕೋಬೇಕು" ಎನ್ನುತ್ತಿದ್ದಳು ಅತ್ತೆ. ಅತ್ತೆಯ ಎಡಗಿವಿ ಕೇಳುತ್ತಿರಲಿಲ್ಲ. ಅದು ಯಾವ ರಕ್ತದ ಬಿಸಿಗೆ ಹೋದದ್ದು ಎಂದು ಯಾರೂ ಕೇಳುತ್ತಿರಲಿಲ್ಲ.

ಇಲಿಯಮ್ಮ ಮನಸ್ಸಿನಲ್ಲಿ ಒಂದೇ ಒಂದು ಗೆರೆ ಎಳೆದುಕೊಂಡಿದ್ದಳು. ಮಗಳ ಮೈಮೇಲೆ ಆ ಕೈ ಬೀಳಬಾರದು. ತಾನು ಈ ಮನೆಯಲ್ಲಿ ಇರುವುದೇ ಅದಕ್ಕೆ, ಆ ಕೈಗೂ ಮಗಳಿಗೂ ನಡುವೆ ನಿಲ್ಲುವುದಕ್ಕೆ, ಎಂದು ನಂಬಿದ್ದಳು.

ಆ ವರ್ಷ ನೆಲಮಾಳಿಗೆಯ ನಾಲ್ಕನೆಯ ಕೋಣೆಗೆ ಒಬ್ಬ ಹೊಸ ಸಂಶೋಧಕಿ ಬಂದಳು. ಇಲಿಗಳು ಯಾಕೆ ಜೊತೆಯಾಗುತ್ತವೆ, ಯಾಕೆ ಕಚ್ಚಾಡುತ್ತವೆ ಎಂಬುದು ಆಕೆಯ ವಿಷಯ. ಒಂಟಿಯಾಗಿಟ್ಟ ಹದಿನಾರು ಕಂದು ಗಂಡಿಲಿಗಳ ಪಂಜರಕ್ಕೆ ಕೆಂಪು ಕಾರ್ಡು ಅಂಟಿಸಿ ಹೇಳಿದಳು.

"ನೋಡಿ ಇಲಿಯಮ್ಮ, ಕೆಂಪು ಕಾರ್ಡಿದ್ರೆ ಪರೀಕ್ಷೆಗೆ ಮುಂಚೆ ಒಂದು ವಾರ ಹೊಟ್ಟು ಬದಲಿಸಬೇಡಿ. ಗಲೀಜಾದ್ರೂ ಪರವಾಗಿಲ್ಲ."

"ನಾತ ಬರುತ್ತೆ ಮೇಡಂ."

"ಬರಲಿ. ಅದರ ನಾತವೇ ಅದರ ಮನೆ."

ಪರೀಕ್ಷೆ ಕೆಂಪು ಮಂದ ಬೆಳಕಿನಲ್ಲಿ. ಕಂದು ಗಂಡಿಲಿಯ ಪಂಜರಕ್ಕೆ ಪರಕೀಯ ಬಿಳಿ ಗಂಡೊಂದನ್ನು ಬಿಡುತ್ತಿದ್ದರು. ಮನೆಯವನು ಒಮ್ಮೆ ಮೂಸುತ್ತಿದ್ದ. ಬಾಲ ಪಟಪಟನೆ ಗೋಡೆಗೆ ಬಡಿಯುತ್ತಿತ್ತು. ಮುಂದಿನದು ಕಣ್ಣಿಗೆ ಸಿಗುತ್ತಿರಲಿಲ್ಲ. ಎರಡೂ ಒಂದೇ ಉಂಡೆಯಾಗಿ ಉರುಳಿ, ಹೊಟ್ಟು ಚಿಮ್ಮಿ, ಕೀರಲು ದನಿ, ಪ್ಲಾಸ್ಟಿಕ್ಕಿನ ಮೇಲೆ ರಕ್ತದ ಸಾಸಿವೆ ಕಾಳುಗಳು. ರಕ್ತ ಕಂಡರೆ ಪರೀಕ್ಷೆ ನಿಲ್ಲಿಸಿ ಬಿಳಿಯದನ್ನು ಎತ್ತಿ ಗಾಯ ಒರೆಸುವುದು ಇಲಿಯಮ್ಮನ ಪಾಲು. ಅವಳ ಅಂಗೈಯಲ್ಲಿ ಅದರ ಎದೆ ಹೊಲಿಗೆ ಯಂತ್ರದಂತೆ ಹೊಡೆದುಕೊಳ್ಳುತ್ತಿತ್ತು.

ಎರಡನೆಯ ತಿಂಗಳು ಬೆಳಕಿನ ಪರೀಕ್ಷೆ ಶುರುವಾಯಿತು. ಕಂದು ಇಲಿಗಳ ತಲೆಬುರುಡೆಗೆ ತೂತು ಕೊರೆದು, ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯನ್ನು ಮೆದುಳಿನ ತಳದವರೆಗೆ ಇಳಿಸಿದ್ದರು. ಮೇಡಂ ಗುಂಡಿ ಒತ್ತಿದರೆ ಎಳೆಯ ತುದಿಯಲ್ಲಿ ನೀಲಿ ಬೆಳಕು. ಅಂದು ಪಂಜರದಲ್ಲಿ ಇದ್ದದ್ದು ಒಂದು ಹೆಣ್ಣು. ಗಂಡು ಅದರ ಪಕ್ಕ ತಣ್ಣಗೆ ಕುಳಿತಿತ್ತು. ಗುಂಡಿ ಒತ್ತಿದ್ದೇ ತಡ ಹಾರಿ ಅದರ ಬೆನ್ನು ಕಚ್ಚಿತು. ಬೆಳಕು ಆರಿಸಿದರೆ ಬಿಟ್ಟಿತು. ಹೆಣ್ಣನ್ನು ತೆಗೆದು, ಗಾಳಿ ತುಂಬಿ ಗಂಟು ಹಾಕಿದ ಕೈಗವಸನ್ನು ಇಟ್ಟರು. ಬೆಳಕು ಬಿತ್ತು. ಇಲಿ ಆ ರಬ್ಬರಿನ ಬೆರಳುಗಳನ್ನು ಕಚ್ಚಿ ಕಚ್ಚಿ ಹರಿಯಿತು.

ಇಲಿಯಮ್ಮ ಹರಿದ ಕೈಗವಸನ್ನು ಎತ್ತಿ ಹಿಡಿದಳು. "ಏನಿದು ಮೇಡಂ?"

"ಮೆದುಳಿನ ಕೆಳಗಡೆ ಒಂದು ಚೂರು ಜಾಗ. ಅಲ್ಲಿನ ನರಕೋಶಗಳು ಎದ್ರೆ ಜಗಳ."

"ಗಂಡಸರಿಗೂ ಇರುತ್ತಾ?"

ಮೇಡಂ ನಕ್ಕಳು. "ಎಲ್ರಿಗೂ ಇರುತ್ತೆ. ನನಗೂ, ನಿಮಗೂ. ಆದ್ರೆ ಮನುಷ್ಯರ ಕಥೆ ಇಷ್ಟು ಸುಲಭ ಅಲ್ಲ."

ಕೊನೆಯ ಮಾತು ಇಲಿಯಮ್ಮನ ಕಿವಿಗೆ ಬೀಳಲಿಲ್ಲ. ಮನೆಗೆ ಹೋಗುವಾಗ ಮೈಯೆಲ್ಲ ಹಗುರವಾಗಿತ್ತು. ಹಾಗಾದರೆ ಅದೊಂದು ಜಾಗ, ಒಂದು ಬೆಳಕು, ಅವನ ತಪ್ಪೂ ಅಲ್ಲ, ತನ್ನ ತಪ್ಪೂ ಅಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವನ ಮೇಲೆ ಕನಿಕರ ಬಂತು. ಆ ಕನಿಕರದಲ್ಲೇ ಒಂದು ಸಂಜೆ, ಅವನು ನೆಮ್ಮದಿಯಾಗಿ ಟೀ ಕುಡಿಯುತ್ತಿದ್ದಾಗ, ಕೈಗವಸು ಕಚ್ಚಿದ ಇಲಿಯ ಕಥೆ ಹೇಳಿಬಿಟ್ಟಳು. ಅವನು ಲೋಟ ಕೆಳಗಿಟ್ಟು ಪೂರ್ತಿ ಕೇಳಿದ.

"ಕೇಳಿಸ್ತಾ ಅಮ್ಮಾ? ದೊಡ್ಡ ದೊಡ್ಡ ಓದಿದವರೇ ಹೇಳಿದಾರೆ. ನನ್ನ ಕೈಲಿ ಏನೂ ಇಲ್ಲ. ಲೈಟ್ ಹಾಕೋಳು ಇವಳು!" ಎಂದು ತೊಡೆ ತಟ್ಟಿ ನಕ್ಕ.

ಅಂದಿನಿಂದ ಹೊಡೆತಕ್ಕೆ ಮಾತು ಸಿಕ್ಕಿತು. ಡಬ್ಬಿಯ ಮುಚ್ಚಳ ಸಡಿಲವಿದ್ದರೆ "ಲೈಟ್ ಹಾಕ್ತೀಯಾ?" ಟವೆಲ್ಲು ಒದ್ದೆಯಿದ್ದರೆ "ಲೈಟ್ ಹಾಕ್ತೀಯಾ?" ಮೊದಲು ತಿಂಗಳಿಗೆ ಎರಡು ಸಲ ಬಿಚ್ಚುತ್ತಿದ್ದ ಗಡಿಯಾರವನ್ನು ಈಗ ವಾರಕ್ಕೆ ಎರಡು ಸಲ ಬಿಚ್ಚತೊಡಗಿದ. ಒಂದು ಗುರುವಾರ ಅವಳ ಎಡಗೈಯನ್ನು ಬೆನ್ನ ಹಿಂದೆ ತಿರುಚಿ ಹಿಡಿದಾಗ ಮಣಿಕಟ್ಟಿನಲ್ಲಿ ಏನೋ ಟಕ್ ಎಂದಿತು. ಆ ಸದ್ದು ಆಕೆಗೆ ಚೆನ್ನಾಗಿ ಗೊತ್ತಿದ್ದ ಸದ್ದು. ನೋವಿಗಿಂತ ಮೊದಲು ಆಕೆಗೆ ನೆನಪಾದದ್ದು ಸರಳು.

ಶುಕ್ರವಾರ ಊದಿದ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಹೋದಳು. ತಲೆ ಎಲ್ಲೋ, ಕೈ ಎಲ್ಲೋ. ಎತ್ತು, ಸುರಿ, ಹೊಸ ಹೊಟ್ಟು, ಒಣ ಗೂಡಿನ ಒಂದು ಹಿಡಿ, ಮುಚ್ಚು. ನಾಲ್ಕನೆಯ ಕೋಣೆಯ ಕೊನೆಯ ಪಂಜರ ಮುಚ್ಚಿದಾಗಲೇ ಕೆಂಪು ಕಾರ್ಡು ಕಣ್ಣಿಗೆ ಬಿದ್ದದ್ದು. ಹದಿನಾರನ್ನೂ ಶುಚಿ ಮಾಡಿ ಮುಗಿಸಿದ್ದಳು. ಹಳೆಯ ಹೊಟ್ಟು ಆಗಲೇ ಸುಡಲು ಕಳಿಸುವ ಚೀಲಕ್ಕೆ ಹೋಗಿತ್ತು. ಬಾಯಿ ಬಿಡಲು ಧೈರ್ಯ ಸಾಲಲಿಲ್ಲ.

ಸೋಮವಾರ ಬಿಳಿ ಇಲಿಯನ್ನು ಬಿಟ್ಟರು. ಕಂದು ಇಲಿ ಮೂಸಿತು, ಹೊಸ ಹೊಟ್ಟು ಕೆದಕಿತು, ಮೂಲೆಗೆ ಹೋಗಿ ಮುಖ ತೊಳೆದುಕೊಂಡಿತು. ಎರಡನೆಯದೂ ಹಾಗೆಯೇ. ಐದನೆಯದಕ್ಕೆ ಮೇಡಂ ಪಂಜರವನ್ನು ಮೂಗಿಗೆ ಹಿಡಿದು ನೋಡಿದಳು.

"ಇದನ್ನ ಯಾರು ಕ್ಲೀನ್ ಮಾಡಿದ್ದು?"

"ನಾನೇ ಮೇಡಂ. ತಪ್ಪಾಯ್ತು."

"ಒಂದು ವಾರದ ಕೆಲಸ ನೀರಿಗೆ ಹಾಕಿದ್ರಿ! ಇದು ತನ್ನ ಮನೆ ಅಂತಲೇ ಅದಕ್ಕೀಗ ಗೊತ್ತಿಲ್ಲ. ಮನೆ ತನ್ನದು ಅನ್ನಿಸಿದ್ರೆ ತಾನೇ ಯಜಮಾನಿಕೆ?" ಸಿಟ್ಟಿನಲ್ಲೇ ಎಳೆ ಸಿಕ್ಕಿಸಿ ಗುಂಡಿ ಒತ್ತಿದಳು. ಮುಖ ತೊಳೆಯುತ್ತಿದ್ದ ಇಲಿ ಹಾರಿ ಬಿಳಿಯದರ ಸೊಂಟಕ್ಕೆ ಬಾಯಿ ಹಾಕಿತು. "ನೋಡಿ, ಬೆಳಕು ಬಿದ್ರೆ ಮಾತ್ರ ಇದ್ಯಾವುದೂ ಬೇಕಾಗಿಲ್ಲ. ಯಾರ ಮನೆಯಾದ್ರೂ ಸರಿ, ಎದುರಿಗೆ ಯಾರಿದ್ರೂ ಸರಿ, ನಾವು ನಾಲ್ಕು ಜನ ನಿಂತು ನೋಡ್ತಿದ್ರೂ ಸರಿ."

ಇಲಿಯಮ್ಮ ಗಾಯದ ಇಲಿಯನ್ನು ಅಂಗೈಯಲ್ಲಿ ಹಿಡಿದು ನಿಂತೇ ಇದ್ದಳು. ಅವಳ ಕಣ್ಣ ಮುಂದೆ ಬಸ್ಸಿನ ಮೂರನೆಯ ಸೀಟು ಬಂತು. ಕರವಸ್ತ್ರ ಬಂತು.

"ಮೇಡಂ, ಬೆಳಕು ಬಿದ್ದ ಇಲಿ ಯಾವತ್ತಾದ್ರೂ ಕಿಟಕಿ ಮುಚ್ಚೋವರೆಗೂ ಕಾದದ್ದು ಉಂಟಾ?"

"ಏನು?"

"ಕೈಲಿರೋ ಗಡಿಯಾರ ಬಿಚ್ಚಿಟ್ಟು ಆಮೇಲೆ ಕಚ್ಚಿದ್ದು ಉಂಟಾ?"

ಮೇಡಂ ಆಗ ಮೊದಲ ಸಲ ಆಕೆಯ ಮಣಿಕಟ್ಟಿನ ಬಟ್ಟೆಯನ್ನು ನೋಡಿದಳು. ಸಿಟ್ಟು ಇಳಿಯಿತು. "ಇಲ್ಲ" ಎಂದಳು ಮೆಲ್ಲಗೆ. "ಹಾಗೆ ಮಾಡೋದು ಇಲಿ ಅಲ್ಲ."

ಬಾಟಲಿ ತೊಳೆಯುವ ಕೋಣೆಯಲ್ಲಿ ಇಲಿಯಮ್ಮ ಬಾಟ್ಲಿ ಅಕ್ಕನಿಗೆ ಎಲ್ಲ ಹೇಳಿದಳು. ಅಕ್ಕ ಬ್ರಷ್ಷು ಬದಿಗಿಟ್ಟಳು. "ನನ್ನ ರೂಮಿನಲ್ಲಿ ಎರಡು ಚಾಪೆ ಹಾಸೋ ಜಾಗ ಇದೆ. ನಾನು ಗೊರಕೆ ಹೊಡೀತೀನಿ, ಅದೊಂದೇ ತೊಂದ್ರೆ. ಯಾವತ್ತು ಬರ್ತೀಯಾ?"

"ಮಗಳ ಪರೀಕ್ಷೆ ಮುಗೀಲಿ ಅಕ್ಕ."

"ಇದೊಂದು ಚೆನ್ನಾಗಿದೆ. ಪರೀಕ್ಷೆ ಮುಗಿಯೋವರೆಗೂ ಹೊಡೀಬೇಡ ಅಂತ ಚೀಟಿ ಬರೆದು ಕೊಡ್ತೀಯಾ ಅವನಿಗೆ?"

ಪರೀಕ್ಷೆ ಮುಗಿಯುವವರೆಗೆ ಕಾಯಲಾಗಲಿಲ್ಲ. ಆ ಶನಿವಾರ ಮಧ್ಯಾಹ್ನವೇ ಅದು ನಡೆಯಿತು. ಎರಡು ಗಂಟೆಯ ಪಾಳಿಗೆ ಅವನು ಹೊರಡಬೇಕಿತ್ತು. ಮಗಳು ನೆಲದ ಮೇಲೆ ಪುಸ್ತಕ ಹರಡಿ ಕುಳಿತಿದ್ದಳು. ಇಲಿಯಮ್ಮ ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟು, ಊದಿದ ಕೈಯಲ್ಲಿ ಅಂಗಿಯ ಕಾಲರು ಹಿಡಿಯಲಾಗದೆ ಒದ್ದಾಡುತ್ತಿದ್ದಳು.

"ಇನ್ನೂ ಆಗ್ಲಿಲ್ವೇನೇ?"

ತಲೆ ಎತ್ತದೆ ಮಗಳು ಹೇಳಿದಳು. "ಅಮ್ಮನ ಕೈ ಊದಿದೆ ಅಪ್ಪ. ಇವತ್ತೊಂದಿನ ನೀವೇ ಇಸ್ತ್ರಿ ಮಾಡ್ಕೊಳ್ಳಿ."

ಅವನು ನಕ್ಕ. "ಓಹೋ. ಇವಳೂ ಲೈಟ್ ಹಾಕೋದು ಕಲಿತ್ಲು."

ಕೊಂಡಿ ಟಿಕ್ಕೆಂದಿತು. ಗಡಿಯಾರ ಫ್ರಿಜ್ಜಿನ ಮೇಲೆ ಕುಳಿತಿತು. ಅತ್ತೆ ಎದ್ದು ಕಿಟಕಿ ಮುಚ್ಚಿ ಚಿಲಕ ಹಾಕಿದಳು. ಮಗಳು ಅಭ್ಯಾಸದಂತೆ ಬಚ್ಚಲ ಕಡೆ ಎದ್ದಳು, ಎರಡು ಹೆಜ್ಜೆ ಇಟ್ಟ ಮೇಲೆ ಅವಳಿಗೆ ಗೊತ್ತಾಯಿತು, ಇವತ್ತು ನಲ್ಲಿ ತಿರುಗಿಸಬೇಕಾದವಳು ತಾನಲ್ಲ ಎಂದು. ಅವನು ಜಡೆ ಹಿಡಿದು ಎಳೆದ. ಅವಳ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಇಲಿಯಮ್ಮ ನಡುವೆ ನುಗ್ಗಿದಳು. ಒಂದು ಮೊಣಕೈ ಅವಳ ಪಕ್ಕೆಗೆ ಬಿದ್ದು ಉಸಿರು ಹೋಯಿತು, ಗೋಡೆಗೆ ಜಾರಿ ಕುಸಿದಳು. ಅವನು ಮಗಳನ್ನು ತಿರುಗಿಸಿ ಬಾಯಿಗೆ ಬಾರಿಸಿದ. ತುಟಿ ಒಡೆದು ಪುಸ್ತಕದ ಮೇಲೆ ರಕ್ತ ಸಿಡಿಯಿತು, ಸಾಸಿವೆ ಕಾಳಿನ ಹಾಗೆ.

ಗೆರೆ ಅಳಿಸಿಹೋಯಿತು.

ಇಲಿಯಮ್ಮ ಎದ್ದು ಇಸ್ತ್ರಿಪೆಟ್ಟಿಗೆ ಎತ್ತಿದಳು. ವಯರು ಪ್ಲಗ್ಗಿನಿಂದ ಕಿತ್ತು ಬಂತು. ಅವನ ಬೆನ್ನು ಅವಳ ಕಡೆಗಿತ್ತು. ಬಗ್ಗಿದ ಕತ್ತು, ಕಾಲರಿಲ್ಲದ ಬನಿಯನ್ನು, ಕತ್ತಿನ ಹಿಂದಿನ ಮೂಳೆ. ಎಲ್ಲಿ ಬೀಳಬೇಕು ಎಂದು ಅವಳ ಕೈಗೆ ಗೊತ್ತಿತ್ತು. ಅವಳ ಮೆದುಳಿನ ತಳದಲ್ಲೂ ಆ ಜಾಗವಿತ್ತು, ಮೇಡಂ ಹೇಳಿದ್ದಳಲ್ಲ. ಅದು ಉರಿಯುತ್ತಿತ್ತು. ಬೇಕಿದ್ದರೆ ಒಂದೇ ಏಟು, ಎರಡನೆಯದು ಬೇಕಿರಲಿಲ್ಲ.

ಅವಳು ತಿರುಗಿ ಇಸ್ತ್ರಿಪೆಟ್ಟಿಗೆಯನ್ನು ಕಿಟಕಿಗೆ ಬೀಸಿದಳು.

ಗಾಜು ಸಿಡಿದು ಒಳಗೂ ಹೊರಗೂ ಸುರಿಯಿತು. ಬೀದಿಯ ಬಿಸಿಲು, ಆಟೋದ ಹಾರನ್ನು, ಜನರ ಮಾತು ಒಮ್ಮೆಲೆ ಮನೆಯೊಳಗೆ ಬಂದವು. ಎದುರು ಅಂಗಡಿಯ ಟೈಲರು ಎದ್ದು ನಿಂತ. "ಏನಾಯ್ತ್ರೀ?" ಎಂದು ಕೂಗಿದ. ಇನ್ನೂ ಮೂರು ಮುಖಗಳು ಮೇಲೆ ನೋಡಿದವು.

ಎತ್ತಿದ್ದ ಕೈ ಅಲ್ಲೇ ನಿಂತಿತು. ಅವನು ಮಗಳ ಜಡೆ ಬಿಟ್ಟ. ತಲೆಗೂದಲು ಹಿಂದಕ್ಕೆ ಸವರಿಕೊಂಡ. ಕಿಟಕಿಗೆ ಹೋಗಿ, ಊರೇ ಮೆಚ್ಚಿದ ಅದೇ ದನಿಯಲ್ಲಿ, "ಏನಿಲ್ಲ ಸಾರ್, ಕೈ ತಪ್ಪಿ ಗಾಜು ಒಡೀತು, ಯಾರಿಗೂ ತಾಗಿಲ್ಲ ತಾನೆ?" ಎಂದ.

"ನೋಡಿದ್ಯಾ" ಎಂದಳು ಇಲಿಯಮ್ಮ. ಉಸಿರು ಇನ್ನೂ ಪೂರ್ತಿ ಬಂದಿರಲಿಲ್ಲ. "ಇಲಿ ನಾಲ್ಕು ಜನ ನೋಡ್ತಿದ್ರೂ ನಿಲ್ಲಿಸಲ್ಲ. ನೀನು ನಿಲ್ಲಿಸಿದೆ. ಗುಂಡಿ ನಿನ್ನ ಕೈಲೇ ಇದೆ. ಯಾವಾಗಲೂ ನಿನ್ನ ಕೈಲೇ ಇತ್ತು."

"ಮೆತ್ತಗೆ ಮಾತಾಡೇ, ಕೆಳಗೆ ಜನ..."

"ಹೂಂ, ಜನ ಇದಾರೆ. ಅದಕ್ಕೇ ಈಗ ಹೋಗ್ತಿದೀನಿ."

ಮಗಳ ಪುಸ್ತಕದ ಚೀಲ, ಅವಳು ಚಿಕ್ಕಂದಿನಿಂದ ಹೊದೆಯುವ ಸವೆದ ಹೊದಿಕೆ, ಇಬ್ಬರದೂ ಎರಡು ಜೊತೆ ಬಟ್ಟೆ. ಬೇರೆ ಏನನ್ನೂ ಆಕೆ ಮುಟ್ಟಲಿಲ್ಲ. ಅವನು ಫ್ರಿಜ್ಜಿನ ಪಕ್ಕ ನಿಂತಿದ್ದ, ಕಿಟಕಿಯಿಂದ ಕಾಣದ ಕಡೆ, ಹಲ್ಲು ಕಚ್ಚಿಕೊಂಡು. ಆದರೆ ಟೈಲರು ಇನ್ನೂ ಮೇಲೆಯೇ ನೋಡುತ್ತಿದ್ದ. ಬಾಗಿಲ ಹತ್ತಿರ ಅತ್ತೆ ಇದ್ದಳು. ಅಡ್ಡ ನಿಲ್ಲುತ್ತಾಳೆ ಎಂದುಕೊಂಡು ಇಲಿಯಮ್ಮ ಮೈ ಬಿಗಿ ಮಾಡಿದಳು. ಮುದುಕಿ ಕಿಟಕಿಯ ತೂತನ್ನು ನೋಡಿದಳು, ಮೊಮ್ಮಗಳ ತುಟಿ ನೋಡಿದಳು. ಬಗ್ಗಿ ಎರಡು ಜೊತೆ ಚಪ್ಪಲಿ ಮುಂದಕ್ಕೆ ತಳ್ಳಿದಳು.

"ಹಾಕ್ಕೊಂಡು ಹೋಗ್ರೇ. ಗಾಜಿದೆ."

ಎರಡನೆಯ ಮಹಡಿಯ ಮೆಟ್ಟಿಲಲ್ಲಿ ಮಗಳು ತುಟಿಗೆ ಅಮ್ಮನ ಸೆರಗಿನ ತುದಿ ಒತ್ತಿಕೊಂಡೇ ಹೇಳಿದಳು. "ಅಮ್ಮ, ಅಪ್ಪಂಗೆ 'ನೀವು' ಬಿಟ್ಟು 'ನೀನು' ಅಂದೆ."

"ಅಂದ್ನಾ?"

"ಮೂರು ಸಲ."

ರೂಮಿನ ಬಾಗಿಲಿಗೆ ಬಂದವರನ್ನು ಬಾಟ್ಲಿ ಅಕ್ಕ ನೇರ ಆಸ್ಪತ್ರೆಗೆ ಕರೆದುಕೊಂಡು ಹೋದಳು. ವೈದ್ಯೆ ಪರದೆ ಎಳೆದು, ಬಟ್ಟೆ ಬಿಚ್ಚಿಸಿ, ಇಲಿಯಮ್ಮನ ಪಕ್ಕೆ, ಬೆನ್ನು, ತೋಳು, ತೊಡೆಗಳನ್ನು ಬೆರಳಿನಿಂದ ಮುಟ್ಟುತ್ತ ಹಳದಿ ಯಾವುದು, ನೀಲಿ ಯಾವುದು ಎಂದು ಬರೆದುಕೊಂಡಳು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. "ಎಲ್ಲಾ ಬಟ್ಟೆ ಮುಚ್ಚೋ ಕಡೆನೇ ಇದೆ" ಎಂದಳು ಬರೆಯುತ್ತಲೇ. "ಹುಷಾರಿನ ಮನುಷ್ಯ." ಆ ಕಾಗದವನ್ನು ಹಿಡಿದುಕೊಂಡು ಅವರು ಅಲ್ಲಿಂದ ಪೊಲೀಸ್ ಠಾಣೆಗೆ ಹೋದರು. ಮೂರು ಗಂಟೆ ಬೆಂಚಿನ ಮೇಲೆ ಕೂರಿಸಿದ ಮೇಲೆ ದೂರು ಬರೆದುಕೊಂಡರು.

ಅಕ್ಕ ನಿಜವಾಗಿಯೂ ಗೊರಕೆ ಹೊಡೆಯುತ್ತಿದ್ದಳು. ಮೊದಲ ಮೂರು ದಿನ ಅಕ್ಕನ ಚೀಲದ ಕೊಂಡಿ ಟಿಕ್ಕೆಂದರೂ ಮಗಳು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುತ್ತಿದ್ದಳು. ಅಕ್ಕ ಏನೂ ಕೇಳದೆ ಹಿಂದಿನಿಂದ ಹೋಗಿ ನಿಲ್ಲಿಸಿ ಬರುತ್ತಿದ್ದಳು.

ಎಂಟನೆಯ ದಿನ ಅವನು ಸಂಸ್ಥೆಯ ಗೇಟಿಗೆ ಬಂದ. ಜನ ಒಳಗೆ ಹೋಗುವ ಹೊತ್ತು. ಯೂನಿಫಾರಂ ಮುದುರಿತ್ತು, ಕಾಲರು ಕಪ್ಪಾಗಿತ್ತು, ಗಡಿಯಾರ ಕೈಯಲ್ಲಿತ್ತು. ತಲೆ ತಗ್ಗಿಸಿ, ಪರರ ಪಂಜರಕ್ಕೆ ಬಿದ್ದ ಇಲಿಯ ಹಾಗೆ, ಗೋಡೆಯ ಅಂಚಿಗೆ ನಿಂತಿದ್ದ.

"ಮನೆ ನೋಡೋಕಾಗ್ತಿಲ್ಲ ಕಣೇ. ಪಾತ್ರೆ ಹಾಗೇ ಬಿದ್ದಿದೆ. ನಾತ. ಯಾವಾಗ ಬರ್ತೀಯಾ?"

"ಹೊಟ್ಟು ಬದಲಿಸಬೇಡಿ ಅಂತ ಕಾರ್ಡು ಹಾಕಿದೀನಿ."

"ಏನಂದೆ?"

"ನಿನ್ನ ನಾತ, ನಿನ್ನ ಮನೆ. ಇಟ್ಕೊ."

ಅವನ ಬಲಗೈ ಎಡಗೈ ಮೇಲೆ ಹೋಯಿತು, ಎರಡು ಬೆರಳು ಕೊಂಡಿಯನ್ನು ಹಿಡಿದವು. ಇಲಿಯಮ್ಮ ಕದಲದೆ ಆ ಬೆರಳುಗಳನ್ನೇ ನೋಡುತ್ತ ನಿಂತಳು. ಗೇಟಿನ ಕಾವಲುಗಾರ ಪೇಪರು ಮಡಿಸಿ ತಲೆ ಎತ್ತಿದ. ಬೆರಳುಗಳು ಕೊಂಡಿಯನ್ನು ಬಿಟ್ಟವು.

"ಎಂಟೂವರೆ ಆಯ್ತು" ಎಂದ ಅವನು, ಗಡಿಯಾರ ನೋಡಿಕೊಳ್ಳಲೆಂದೇ ಕೈ ಹಾಕಿದವನ ಹಾಗೆ.

"ಹೂಂ. ನನಗೂ ಹೊತ್ತಾಯ್ತು" ಎಂದು ಅವಳು ಒಳಗೆ ಹೋದಳು. ಅಂದು ನಾಲ್ಕನೆಯ ಕೋಣೆಯಲ್ಲಿ ಪರೀಕ್ಷೆಯಿತ್ತು. ಹದಿನಾರು ಪಂಜರಗಳ ಕೆಂಪು ಕಾರ್ಡನ್ನು ಒಂದೊಂದಾಗಿ ಬೆರಳಿಟ್ಟು ನೋಡಿ, ಅವನ್ನು ಮುಟ್ಟದೆ ಪಕ್ಕದ ಕಪಾಟಿನಿಂದ ಕೆಲಸ ಶುರುಮಾಡಿದಳು.